ಉತ್ತರದ ದನಿಗೆ ಸ್ಪೇನಿನ ಊರಿನ ಹೆಸರಿಟ್ಟ ಸಿಡ್ನಿ ಬರ್ನ್‌ಸ್ಟೀನ್

ಬ್ರಿಟನ್ನಿನ ಖಾಸಗಿ ಕಿರುತೆರೆಯ ಇತಿಹಾಸದಲ್ಲಿ ಸಿಡ್ನಿ ಬರ್ನ್‌ಸ್ಟೀನ್ ಅವರದು ವಿಚಿತ್ರ ಸ್ಥಾನ. ಖಾಸಗಿ ಟಿವಿ ಬೇಡವೆಂದು ವಾದಿಸಿದವರೇ ಅದರ ಅತ್ಯಂತ ಗೌರವಾನ್ವಿತ ಸಂಸ್ಥೆಯನ್ನು ಕಟ್ಟಿದರು. ಲಂಡನ್ನಿನ ಮಗ್ಗುಲಲ್ಲಿ ಹುಟ್ಟಿ ಬೆಳೆದವರು ಉತ್ತರ ಇಂಗ್ಲೆಂಡಿನ ಗಿರಣಿ ಊರುಗಳ ಮಾತಿಗೆ, ಮುಖಕ್ಕೆ ತೆರೆಯ ಮೇಲೆ ಜಾಗ ಕೊಟ್ಟರು. ಆ ಪ್ರದೇಶದ ಗುರುತಾಗಿ ಅವರು ನೀಡಿದ ಹೆಸರಾದರೋ ಸ್ಪೇನ್ ದೇಶದ ಒಂದು ಊರಿನದು. ಅವರು ತೀರಿಕೊಂಡ ಹತ್ತು ವರ್ಷಗಳೊಳಗೆ ಆ ಹೆಸರು ದಿನನಿತ್ಯದ ಪ್ರಸಾರದಿಂದ ಮರೆಯಾಯಿತು. ಅದನ್ನು ಅಳಿಸುವಲ್ಲಿ ಮುಂದೆ ನಿಂತದ್ದು ಅವರೇ ಕಟ್ಟಿದ ಸಂಸ್ಥೆ.

ಸಿಡ್ನಿ ಲೂಯಿಸ್ ಬರ್ನ್‌ಸ್ಟೀನ್ ಜನಿಸಿದ್ದು 1899ರ ಜನವರಿ 30ರಂದು, ಎಸೆಕ್ಸ್ ಪ್ರಾಂತ್ಯದ ಇಲ್‌ಫರ್ಡ್‌ನಲ್ಲಿ. ಯಹೂದಿ ಕುಟುಂಬ, ಮನೆತುಂಬ ಮಕ್ಕಳು. ತಂದೆ ಅಲೆಕ್ಸಾಂಡರ್ ಆಸ್ತಿ ವ್ಯವಹಾರದ ಜತೆಗೆ ಕೆಲವು ಮನರಂಜನಾ ಮಂದಿರಗಳನ್ನೂ ನಡೆಸುತ್ತಿದ್ದರು. ಸಿಡ್ನಿ ಹದಿನೈದರ ಪ್ರಾಯದಲ್ಲೇ ಶಾಲೆ ಬಿಟ್ಟರು. 1920ರ ದಶಕದ ಆರಂಭದಲ್ಲಿ ತಂದೆ ತೀರಿಕೊಂಡಾಗ ಚಿತ್ರಮಂದಿರಗಳ ಹೊಣೆ ಈ ಯುವಕನ ಹೆಗಲಿಗೆ ಬಂತು. ತಮ್ಮ ಸೆಸಿಲ್ ಜತೆಯಾದರು. ಅಣ್ಣನಿಗೆ ಕನಸು, ತಮ್ಮನಿಗೆ ಜನರ ರುಚಿ. ಈ ಜೋಡಿ ಮುಂದೆ ಅರ್ಧ ಶತಮಾನ ಒಟ್ಟಿಗೆ ದುಡಿಯಿತು.

ಚಿತ್ರಮಂದಿರದ ಮಾಲೀಕರಾಗಿ ಬರ್ನ್‌ಸ್ಟೀನ್ ಉಳಿದವರಂತಿರಲಿಲ್ಲ. 1927ರಲ್ಲಿ ಅವರು ತಮ್ಮ ಪ್ರೇಕ್ಷಕರ ಕೈಗೆ ಪ್ರಶ್ನಾವಳಿ ಕೊಟ್ಟು ಯಾವ ನಟ ಇಷ್ಟ, ಯಾವ ಬಗೆಯ ಚಿತ್ರ ಇಷ್ಟ ಎಂದು ಕೇಳತೊಡಗಿದರು. ಮಾರುಕಟ್ಟೆ ಸಮೀಕ್ಷೆ ಎಂಬ ಮಾತೇ ಬಳಕೆಗೆ ಬಾರದ ಕಾಲವದು. ಮಕ್ಕಳಿಗಾಗಿಯೇ ಶನಿವಾರ ಬೆಳಗಿನ ಪ್ರದರ್ಶನಗಳನ್ನು ಆರಂಭಿಸಿದರು. ಇದೇ ವ್ಯಕ್ತಿ 1925ರಲ್ಲಿ ಲಂಡನ್ನಿನ ಫಿಲ್ಮ್ ಸೊಸೈಟಿಯ ಸ್ಥಾಪಕರಲ್ಲಿಯೂ ಒಬ್ಬರು. ಸಾರ್ವಜನಿಕ ಪ್ರದರ್ಶನಕ್ಕೆ ಅನುಮತಿ ಸಿಗದ ಸೋವಿಯತ್ ಚಿತ್ರಗಳನ್ನು, ಜರ್ಮನಿಯ ಹೊಸ ಪ್ರಯೋಗಗಳನ್ನು ಸದಸ್ಯರಿಗೆ ತೋರಿಸುತ್ತಿದ್ದ ಸಂಘವದು. ಐಸೆನ್‌ಸ್ಟೀನ್ ನಿರ್ದೇಶನದ ಬ್ಯಾಟಲ್‌ಶಿಪ್ ಪೊಟೆಮ್ಕಿನ್ 1929ರಲ್ಲಿ ಅಲ್ಲಿ ತೆರೆಕಂಡಿತು. ರಾಜಕೀಯದಲ್ಲಿ ಅವರು ಸಮಾಜವಾದಿ, ಲೇಬರ್ ಪಕ್ಷದವರು. ಮಿಡ್ಲ್‌ಸೆಕ್ಸ್ ಕೌಂಟಿ ಕೌನ್ಸಿಲ್‌ನ ಸದಸ್ಯರೂ ಆಗಿದ್ದರು. ಬಂಡವಾಳ ಹೂಡಿ ಲಾಭ ಮಾಡುವ ಸಮಾಜವಾದಿ ಎಂಬ ಮೂದಲಿಕೆ ಅವರನ್ನು ಜೀವನಪೂರ್ತಿ ಹಿಂಬಾಲಿಸಿತು. ಅದಕ್ಕೆ ಅವರು ತಲೆ ಕೆಡಿಸಿಕೊಂಡಂತೆ ತೋರುವುದಿಲ್ಲ.

ಗ್ರಾನಡಾ ಎಂಬ ಹೆಸರು

ಸ್ಪೇನ್ ದೇಶದ ದಕ್ಷಿಣ ಭಾಗದಲ್ಲಿ ಕಾಲ್ನಡಿಗೆಯ ಪ್ರವಾಸ ಮಾಡಿದ್ದ ಬರ್ನ್‌ಸ್ಟೀನ್ ಅವರಿಗೆ ಗ್ರಾನಡಾ ನಗರ ಬಹಳವಾಗಿ ಹಿಡಿಸಿತ್ತು. ತಾವು ಕಟ್ಟಿಸುತ್ತಿದ್ದ ಹೊಸ ಚಿತ್ರಮಂದಿರಗಳಿಗೆ ಅದೇ ಹೆಸರನ್ನಿಟ್ಟರು. ಮೊದಲನೆಯದು 1930ರಲ್ಲಿ ಡೋವರ್ ಬಂದರಿನಲ್ಲಿ ತೆರೆಯಿತು. ಮರುವರ್ಷ ಲಂಡನ್ನಿನ ಟೂಟಿಂಗ್ ಬಡಾವಣೆಯಲ್ಲಿ ತಲೆಯೆತ್ತಿದ ಗ್ರಾನಡಾ ಇಂದಿಗೂ ನೋಡುವಂಥದು. ರಷ್ಯಾ ಮೂಲದ ರಂಗಕರ್ಮಿ ಥಿಯೋಡೋರ್ ಕೊಮಿಸಾರ್ಜೆವ್‌ಸ್ಕಿ ಅದರ ಒಳಾಂಗಣವನ್ನು ಗಾಥಿಕ್ ಇಗರ್ಜಿಯಂತೆ ರೂಪಿಸಿದರು. ಕಮಾನುಗಳು, ಕನ್ನಡಿಗಳ ಮೊಗಸಾಲೆ, ಮೂರು ಸಾವಿರಕ್ಕೂ ಹೆಚ್ಚು ಆಸನಗಳು. ಕೂಲಿ ಕೆಲಸ ಮಾಡಿ ಬರುವವನೂ ಕೆಲವು ಪೆನ್ಸ್ ಕೊಟ್ಟು ಎರಡು ತಾಸು ಅರಮನೆಯಲ್ಲಿ ಕೂರಲಿ ಎಂಬುದು ಅಲ್ಲಿನ ಆಲೋಚನೆ. ಆ ಕಟ್ಟಡಕ್ಕೆ 2000ದಲ್ಲಿ ಇಂಗ್ಲೆಂಡಿನ ಮೊದಲ ದರ್ಜೆಯ ಸಂರಕ್ಷಿತ ಕಟ್ಟಡಗಳ ಸಾಲಿನಲ್ಲಿ ಸ್ಥಾನ ದೊರೆಯಿತು. ಲಂಡನ್ನಿನ ಫೀನಿಕ್ಸ್ ರಂಗಮಂದಿರವೂ ಬರ್ನ್‌ಸ್ಟೀನ್ ಅವರು ಕಟ್ಟಿಸಿದ್ದೇ. 1930ರ ಸೆಪ್ಟೆಂಬರ್‌ನಲ್ಲಿ ನೋಯೆಲ್ ಕವರ್ಡ್ ನಾಟಕದೊಂದಿಗೆ ಅದು ಆರಂಭವಾಯಿತು.

ಇಲ್ಲೊಂದು ಅಂಶವನ್ನು ಗಮನಿಸಬೇಕು. ಗ್ರಾನಡಾ ಆರಂಭದಲ್ಲಿ ಯಾವ ಪ್ರದೇಶದ ಗುರುತೂ ಆಗಿರಲಿಲ್ಲ. ಅದೊಂದು ವ್ಯಾಪಾರಿ ಹೆಸರು. ಊರೂರಿನಲ್ಲಿ ಒಂದೇ ಫಲಕ, ಒಂದೇ ಬಗೆಯ ಉಪಚಾರ. ಮುಂದೆ ಅದೇ ಹೆಸರು ಮ್ಯಾಂಚೆಸ್ಟರ್‌ನ ಸ್ವತ್ತಾಯಿತು ಎಂಬುದೇ ಈ ಕಥೆಯ ಸ್ವಾರಸ್ಯ.

ಹಿಟ್ಲರ್ ಅಧಿಕಾರಕ್ಕೆ ಬಂದ ಬಳಿಕ ಜರ್ಮನಿಯಿಂದ ಓಡಿಬಂದ ಕಲಾವಿದರಿಗೆ ಬರ್ನ್‌ಸ್ಟೀನ್ ಆಸರೆಯಾದರು. ಯುದ್ಧ ಆರಂಭವಾದಾಗ ಬ್ರಿಟನ್ ಸರ್ಕಾರದ ಮಾಹಿತಿ ಸಚಿವಾಲಯ ಅವರನ್ನು ಚಲನಚಿತ್ರ ಸಲಹೆಗಾರರನ್ನಾಗಿ ನೇಮಿಸಿಕೊಂಡಿತು. ಯುದ್ಧದ ಕೊನೆಯ ಹಂತದಲ್ಲಿ ಮಿತ್ರಪಡೆಗಳ ಮನೋಯುದ್ಧ ವಿಭಾಗದ ಚಿತ್ರ ಶಾಖೆಯ ಮುಖ್ಯಸ್ಥರಾದರು. 1945ರ ಏಪ್ರಿಲ್‌ನಲ್ಲಿ ಬರ್ಗೆನ್-ಬೆಲ್ಸೆನ್ ಯಾತನಾ ಶಿಬಿರ ಬ್ರಿಟಿಷ್ ಸೇನೆಯ ವಶವಾಯಿತು. ಕೆಲವೇ ದಿನಗಳಲ್ಲಿ ಅಲ್ಲಿಗೆ ಹೋದ ಬರ್ನ್‌ಸ್ಟೀನ್, ಸೇನೆಯ ಛಾಯಾಗ್ರಾಹಕರು ಕಂಡದ್ದೆಲ್ಲವನ್ನೂ ದಾಖಲಿಸಬೇಕೆಂದು ನಿರ್ಧರಿಸಿದರು. ಇದು ನಡೆದೇ ಇಲ್ಲವೆಂದು ಮುಂದೊಂದು ದಿನ ಯಾರೂ ಹೇಳಬಾರದು. ಆದ್ದರಿಂದ ಹೆಣಗಳ ರಾಶಿಯೂ ಅದನ್ನು ನೋಡುತ್ತ ನಿಂತ ಸುತ್ತಲಿನ ಊರುಗಳ ಜರ್ಮನ್ ಪ್ರಜೆಗಳೂ ದೃಶ್ಯಗಳಲ್ಲಿ ಸೇರಿರಬೇಕು ಎಂಬುದು ಅವರ ಲೆಕ್ಕಾಚಾರ. ಗೆಳೆಯ ಆಲ್‌ಫ್ರೆಡ್ ಹಿಚ್‌ಕಾಕ್ ಅವರನ್ನು ಸಲಹೆಗಾರರಾಗಿ ಕರೆಸಿಕೊಂಡರು. ಚಿತ್ರ ಮುಗಿಯುವ ಹೊತ್ತಿಗೆ ರಾಜಕೀಯದ ಗಾಳಿ ತಿರುಗಿತ್ತು. ಜರ್ಮನಿಯನ್ನು ಮತ್ತೆ ಕಟ್ಟಬೇಕಿದ್ದ ಮಿತ್ರರಾಷ್ಟ್ರಗಳಿಗೆ ಇಂಥ ಚಿತ್ರ ಬೇಡವಾಯಿತು. ಅಪೂರ್ಣ ರೀಲುಗಳು ಕಪಾಟು ಸೇರಿದವು. ಇಂಪೀರಿಯಲ್ ವಾರ್ ಮ್ಯೂಸಿಯಂ ಅದನ್ನು ಪೂರ್ಣಗೊಳಿಸಿ ಪ್ರದರ್ಶಿಸಿದ್ದು 2014ರಲ್ಲಿ. ಬರ್ನ್‌ಸ್ಟೀನ್ ಆಗ ಬದುಕಿರಲಿಲ್ಲ.

ಯುದ್ಧಾನಂತರ ಹಿಚ್‌ಕಾಕ್ ಜತೆಗೂಡಿ ಟ್ರಾನ್ಸ್‌ಅಟ್ಲಾಂಟಿಕ್ ಪಿಕ್ಚರ್ಸ್ ಸಂಸ್ಥೆ ತೆರೆದರು. ದೀರ್ಘ ದೃಶ್ಯಗಳ ಪ್ರಯೋಗವಾದ ರೋಪ್ 1948ರಲ್ಲಿ, ಅಂಡರ್ ಕ್ಯಾಪ್ರಿಕಾರ್ನ್ 1949ರಲ್ಲಿ ಬಂದವು. ಎರಡನೆಯದು ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಹಾಲಿವುಡ್ ಅಧ್ಯಾಯ ಅಲ್ಲಿಗೆ ಬಹುತೇಕ ಮುಗಿಯಿತು.

ಮಳೆ ಹೆಚ್ಚು ಸುರಿಯುವ ಸೀಮೆ

1950ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಟಿವಿ ಎಂದರೆ ಬಿಬಿಸಿ ಒಂದೇ. ಜಾಹೀರಾತಿನ ಹಣದಿಂದ ನಡೆಯುವ ಇನ್ನೊಂದು ವಾಹಿನಿ ಬೇಕೆಂದು ಕನ್ಸರ್ವೇಟಿವ್ ಪಕ್ಷದ ಒಂದು ಗುಂಪು ಪಟ್ಟುಹಿಡಿಯಿತು. ಪ್ರಸಾರದಂಥ ಪ್ರಭಾವಿ ಮಾಧ್ಯಮ ಸಾರ್ವಜನಿಕರ ಒಡೆತನದಲ್ಲೇ ಇರಬೇಕೆಂಬುದು ಬರ್ನ್‌ಸ್ಟೀನ್ ಅವರ ನಿಲುವು. ಆದರೆ ಖಾಸಗಿ ವಾಹಿನಿ ಬಂದೇ ಬರುವುದೆಂದು ಖಚಿತವಾದಾಗ ಅವರ ಸಂಸ್ಥೆಯೂ ಅರ್ಜಿ ಹಾಕಿತು. ಬರುವುದನ್ನು ತಡೆಯಲಾಗದಿದ್ದರೆ ಒಳಗೆ ಸೇರಿ ಚೆನ್ನಾಗಿ ನಡೆಸುವುದು ಮೇಲೆಂದು ಅವರು ಭಾವಿಸಿರಬೇಕು. ಚಿತ್ರಮಂದಿರದವರಾಗಿ, ಪ್ರೇಕ್ಷಕರು ಮನೆಯಲ್ಲೇ ಕುಳಿತರೆ ತಮ್ಮ ವ್ಯಾಪಾರದ ಗತಿಯೇನೆಂಬ ಅಂದಾಜೂ ಅವರಿಗಿತ್ತು.

1954ರ ಟೆಲಿವಿಷನ್ ಕಾಯ್ದೆಯಡಿ ರಚನೆಯಾದ ಇಂಡಿಪೆಂಡೆಂಟ್ ಟೆಲಿವಿಷನ್ ಅಥಾರಿಟಿ ರೂಪಿಸಿದ ವ್ಯವಸ್ಥೆಯನ್ನು ತುಸು ವಿವರವಾಗಿ ತಿಳಿಯುವುದು ಒಳಿತು. ಇಡೀ ದೇಶಕ್ಕೆ ಒಂದೇ ಖಾಸಗಿ ಕಂಪನಿ ಎಂಬುದನ್ನು ಅದು ಒಪ್ಪಲಿಲ್ಲ. ದೇಶವನ್ನು ಪ್ರದೇಶಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಬೇರೆ ಬೇರೆ ಕಂಪನಿಗಳಿಗೆ ಪರವಾನಗಿ ಕೊಟ್ಟಿತು. ಪ್ರಸಾರ ಗೋಪುರಗಳು ಪ್ರಾಧಿಕಾರದವು, ಕಾರ್ಯಕ್ರಮ ಮತ್ತು ಜಾಹೀರಾತು ಕಂಪನಿಗಳವು. ಲಂಡನ್, ಮಿಡ್‌ಲ್ಯಾಂಡ್ಸ್, ಉತ್ತರ ಭಾಗಗಳಲ್ಲಿ ವಾರದ ದಿನಗಳಿಗೂ ವಾರಾಂತ್ಯಕ್ಕೂ ಹಂಚಿಕೆ ಬೇರೆ. ಕಂಪನಿಗಳು ತಮ್ಮ ಕಾರ್ಯಕ್ರಮಗಳನ್ನು ಪರಸ್ಪರ ಹಂಚಿಕೊಳ್ಳಬೇಕು. ರಾಷ್ಟ್ರೀಯ ಸುದ್ದಿಗೆ ಎಲ್ಲರಿಗೂ ಸೇರಿದ ಐಟಿಎನ್. ಪ್ರತಿ ಪ್ರದೇಶದ ಜಾಹೀರಾತು ಆದಾಯ ಆ ಪ್ರದೇಶದ ಕಂಪನಿಗೆ. ಇದರ ಹಿಂದೆ ಎರಡು ಉದ್ದೇಶಗಳಿದ್ದವು: ಮಾಲೀಕತ್ವ ಒಂದೇ ಕೈಗೆ ಸೇರಬಾರದು, ಲಂಡನ್ನಿನ ದನಿಯೊಂದೇ ದೇಶದ ದನಿಯಾಗಬಾರದು.

ಪರಿಣಾಮವಾಗಿ ಐಟಿವಿ ಎಂಬ ಹೆಸರು ತೆರೆಯ ಮೇಲೆ ಅಪರೂಪ. ಪ್ರೇಕ್ಷಕರು ನೋಡುತ್ತಿದ್ದುದು ತಮ್ಮ ಪ್ರದೇಶದ ಕಂಪನಿಯ ಲಾಂಛನ, ಅದರ ರಾಗ, ಅದರ ಉದ್ಘೋಷಕರ ಮುಖ. ಭಾರತದ ಓದುಗರಿಗೆ ಪ್ರಾದೇಶಿಕ ವಾಹಿನಿ ಎಂದರೆ ಬೇರೊಂದು ಭಾಷೆಯ ವಾಹಿನಿ. ಇಂಗ್ಲೆಂಡಿನ ಪ್ರದೇಶಗಳಿಗೆ ಭಾಷೆ ಒಂದೇ. ಅಲ್ಲಿ ವ್ಯತ್ಯಾಸ ತೋರಬೇಕಾದದ್ದು ಉಚ್ಚಾರದಲ್ಲಿ, ಊರುಗಳಲ್ಲಿ, ಕಸುಬುಗಳಲ್ಲಿ, ಹಾಸ್ಯದ ಧಾಟಿಯಲ್ಲಿ. ಆದ್ದರಿಂದಲೇ ಆ ಗುರುತು ನಾಜೂಕಾದದ್ದು. ಯಾರೂ ಕಾಯದಿದ್ದರೆ ಕರಗಿಹೋಗುವಂಥದು.

ಬರ್ನ್‌ಸ್ಟೀನ್ ಉತ್ತರವನ್ನೇ ಬಯಸಿ ಪಡೆದರು. ಲ್ಯಾಂಕಾಷೈರ್ ಮತ್ತು ಯಾರ್ಕ್‌ಷೈರ್ ಎರಡನ್ನೂ ಒಳಗೊಂಡ ಪ್ರದೇಶ, ಸೋಮವಾರದಿಂದ ಶುಕ್ರವಾರದವರೆಗೆ. ಶನಿವಾರ, ಭಾನುವಾರ ಎಬಿಸಿ ಕಂಪನಿಯದು. ಎಲ್ಲರೂ ಲಂಡನ್ನಿಗೆ ಮುಗಿಬಿದ್ದಿರುವಾಗ ಉತ್ತರವೇಕೆ ಎಂಬ ಪ್ರಶ್ನೆಗೆ ಅವರು ಹೇಳಿಕೊಂಡು ಬಂದ ಕಥೆ ಪ್ರಸಿದ್ಧ: ಜನಸಂಖ್ಯೆಯ ನಕಾಶೆಯನ್ನೂ ಮಳೆಯ ನಕಾಶೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರಂತೆ, ಜನ ದಟ್ಟವಾಗಿರುವ, ಮಳೆ ಬಿಡದೆ ಸುರಿಯುವ ಸೀಮೆಯಲ್ಲಿ ಮಂದಿ ಮನೆಯಲ್ಲಿ ಕೂತು ಟಿವಿ ನೋಡುತ್ತಾರೆಂದು ತೀರ್ಮಾನಿಸಿದರಂತೆ. ಹಾಸ್ಯವೇ ಇರಬಹುದು. ಇನ್ನೊಂದು ಕಾರಣ ಹೆಚ್ಚು ಗಂಭೀರವಾದುದು. ಉತ್ತರಕ್ಕೆ ತನ್ನದೇ ಪತ್ರಿಕೆಗಳು, ವಾದ್ಯವೃಂದಗಳು, ರಂಗಭೂಮಿ, ಕಾರ್ಮಿಕ ಚಳವಳಿಯ ಪರಂಪರೆ ಇತ್ತು. ಲಂಡನ್ನಿನ ಸುತ್ತಲ ಊರುಗಳಿಗಿಂತ ಭಿನ್ನವಾದ, ಗಟ್ಟಿಯಾದ ಸಂಸ್ಕೃತಿ ಅಲ್ಲಿದೆ ಎಂದು ಅವರು ನಂಬಿದ್ದರು. ಗ್ರಾನಡಾದ ಚಿತ್ರಮಂದಿರಗಳು ಬಹುಪಾಲು ಇದ್ದದ್ದು ದಕ್ಷಿಣದಲ್ಲಿ. ತಮ್ಮದೇ ಟಿವಿ ತಮ್ಮದೇ ಟಿಕೆಟ್ಟಿಗೆ ಪೈಪೋಟಿಯಾಗದಿರಲೆಂಬ ವ್ಯಾಪಾರಿ ಜಾಣ್ಮೆಯನ್ನೂ ಇದರಲ್ಲಿ ಕಾಣಬಹುದು.

ಮ್ಯಾಂಚೆಸ್ಟರ್‌ನ ಕೀ ಸ್ಟ್ರೀಟ್‌ನಲ್ಲಿ ನಗರಸಭೆಯಿಂದ 82 ಸಾವಿರ ಪೌಂಡ್‌ಗೆ ನಿವೇಶನ ಖರೀದಿಸಲಾಯಿತು. ವಾಸ್ತುಶಿಲ್ಪಿ ರಾಲ್ಫ್ ಟಬ್ಸ್ ಅವರ ವಿನ್ಯಾಸ. ಉಳಿದ ಕಂಪನಿಗಳು ಹಳೆಯ ಚಿತ್ರಮಂದಿರ, ಚಿತ್ರ ಸ್ಟುಡಿಯೊಗಳನ್ನು ಮಾರ್ಪಡಿಸಿಕೊಳ್ಳುತ್ತಿದ್ದಾಗ ಗ್ರಾನಡಾ ಟಿವಿಗೆಂದೇ ಹೊಸ ಕಟ್ಟಡ ಎಬ್ಬಿಸಿತು. ಸ್ಟುಡಿಯೊಗಳಿಗೆ ಸಮಸಂಖ್ಯೆಗಳನ್ನು ಮಾತ್ರ ನೀಡಿದರು: ಎರಡು, ನಾಲ್ಕು, ಆರು, ಎಂಟು, ಹನ್ನೆರಡು. ಹೊರಗಿನವರಿಗೆ ಸಂಸ್ಥೆ ಇರುವುದಕ್ಕಿಂತ ದೊಡ್ಡದಾಗಿ ಕಾಣಲೆಂಬ ಉಪಾಯ! ಕಚೇರಿಗಳ ಗೋಡೆಯ ಮೇಲೆ ಅಮೆರಿಕದ ಸರ್ಕಸ್ ಒಡೆಯ ಪಿ.ಟಿ. ಬಾರ್ನಮ್ ಅವರ ಭಾವಚಿತ್ರ ತೂಗುಹಾಕಿಸಿದರು. ಎಷ್ಟೇ ಗಂಭೀರ ಕಾರ್ಯಕ್ರಮ ಮಾಡಿದರೂ ತಾವಿರುವುದು ಮನರಂಜನೆಯ ಕಸುಬಿನಲ್ಲಿ ಎಂಬುದನ್ನು ಸಿಬ್ಬಂದಿ ಮರೆಯಬಾರದಲ್ಲ.

1956ರ ಮೇ 3ರಂದು ಪ್ರಸಾರ ಆರಂಭವಾಯಿತು. ಮೊದಲ ರಾತ್ರಿಯ ಕಾರ್ಯಕ್ರಮಗಳಲ್ಲಿ ಎದುರಾಳಿ ಬಿಬಿಸಿಗೆ ಸಲ್ಲಿಸಿದ ಗೌರವವೂ ಸೇರಿತ್ತು. ಆರಂಭದ ತಿಂಗಳುಗಳು ಕಠಿಣವಾಗಿದ್ದವು. ಖಾಸಗಿ ಕಂಪನಿಗಳೆಲ್ಲ ನಷ್ಟದಲ್ಲಿದ್ದವು. ಬರ್ನ್‌ಸ್ಟೀನ್ ಲಂಡನ್ನಿನ ಅಸೋಸಿಯೇಟೆಡ್-ರೀಡಿಫ್ಯೂಷನ್ ಕಂಪನಿಯ ಜತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡರು. ಗ್ರಾನಡಾದ ನಷ್ಟದ ಹೊರೆಯನ್ನು ಅವರು ಹೊರುವುದು, ಮುಂದೆ ಬರುವ ಆದಾಯದಲ್ಲಿ ದೊಡ್ಡ ಪಾಲು ಅವರಿಗೆ ಕೊಡುವುದು. ಸ್ವಲ್ಪ ಕಾಲದಲ್ಲೇ ಜಾಹೀರಾತಿನ ಹೊಳೆ ಹರಿಯಿತು. ಅವಸರದಲ್ಲಿ ಮಾಡಿಕೊಂಡ ಒಪ್ಪಂದ ಗ್ರಾನಡಾಕ್ಕೆ ವರ್ಷಗಟ್ಟಲೆ ದುಬಾರಿಯಾಯಿತು. ಉತ್ತರದ ಸ್ವಂತಿಕೆಯ ಬಗ್ಗೆ ಅಷ್ಟೆಲ್ಲ ಹೇಳಿಕೊಂಡ ಸಂಸ್ಥೆ ಬದುಕುಳಿದದ್ದು ಲಂಡನ್ನಿನ ಹಣದಿಂದ ಎಂಬ ಸಂಗತಿ ಬಹುಕಾಲ ಹೊರಗೆ ತಿಳಿಯಲಿಲ್ಲ.

ಬೀದಿಯೊಂದರ ಕಥೆ

ತೆರೆಯ ಮೇಲೆ ಗ್ರಾನಡಾ ತನ್ನನ್ನು ಉತ್ತರದಿಂದ ಬರುತ್ತಿರುವ ದನಿಯೆಂದೇ ಪರಿಚಯಿಸಿಕೊಂಡಿತು. ಮುಂದೆ ಅದರ ಲಾಂಛನವಾದ ಬಾಣದ ಗುರುತು ನೆಟ್ಟಗೆ ಮೇಲಕ್ಕೆ, ನಕಾಶೆಯ ಉತ್ತರಕ್ಕೆ ಚಾಚಿತ್ತು. ಪ್ರಸಾರ ತಲುಪುವ ಸೀಮೆಗೆ ಗ್ರಾನಡಾಲ್ಯಾಂಡ್ ಎಂಬ ಹೆಸರೇ ಬಿತ್ತು. ಯಾವ ಸರ್ಕಾರವೂ ಗುರುತಿಸದ, ಟಿವಿ ಗೋಪುರದ ತರಂಗಗಳೇ ಗಡಿಯಾಗಿದ್ದ ಸೀಮೆ.

ಕೆಲಸವೂ ಹೆಸರಿಗೆ ತಕ್ಕಂತಿತ್ತು. 1958ರ ಫೆಬ್ರುವರಿಯಲ್ಲಿ ರೋಚ್‌ಡೇಲ್ ಕ್ಷೇತ್ರಕ್ಕೆ ಉಪಚುನಾವಣೆ ಬಂತು. ಚುನಾವಣಾ ಪ್ರಚಾರವನ್ನು ಟಿವಿಯಲ್ಲಿ ತೋರಿಸುವುದು ಕಾನೂನಿಗೆ ವಿರುದ್ಧವಾದೀತೆಂಬ ಭಯದಿಂದ ಅದುವರೆಗೆ ಬಿಬಿಸಿ ದೂರವುಳಿದಿತ್ತು. ಗ್ರಾನಡಾ ಅಭ್ಯರ್ಥಿಗಳನ್ನು ಕ್ಯಾಮೆರಾ ಮುಂದೆ ಕೂರಿಸಿತು. ಬ್ರಿಟನ್ನಿನಲ್ಲಿ ಚುನಾವಣೆ ಟಿವಿಗೆ ಬಂದದ್ದು ಅಲ್ಲಿಂದ. 1962ರ ಅಕ್ಟೋಬರ್‌ನಲ್ಲಿ ಪೀಪಲ್ ಅಂಡ್ ಪ್ಲೇಸಸ್ ಎಂಬ ಸ್ಥಳೀಯ ಸಂಜೆ ಕಾರ್ಯಕ್ರಮದಲ್ಲಿ ಲಿವರ್‌ಪೂಲ್‌ನ ನಾಲ್ವರು ಹುಡುಗರು ಹಾಡಿದರು. ಬೀಟಲ್ಸ್ ತಂಡ ಟಿವಿಯಲ್ಲಿ ಕಾಣಿಸಿಕೊಂಡದ್ದು ಅದೇ ಮೊದಲು. ಲಂಡನ್ನಿನ ನಿರ್ಮಾಪಕರು ಆ ಹೊತ್ತಿಗೆ ಅವರ ಹೆಸರನ್ನೂ ಕೇಳಿರಲಾರರು.

ಆದರೆ ಗ್ರಾನಡಾ ಎಂದೊಡನೆ ಬ್ರಿಟಿಷರ ನೆನಪಿಗೆ ಬರುವುದು ಕೊರೊನೇಷನ್ ಸ್ಟ್ರೀಟ್. ಸ್ಯಾಲ್‌ಫರ್ಡ್‌ನ ಪಕ್ಕದಲ್ಲಿ ಬೆಳೆದ ಟೋನಿ ವಾರೆನ್ ಎಂಬ ಯುವ ಲೇಖಕ ತಾನು ಕಂಡ ಸಾಲುಮನೆಗಳ ಬೀದಿಯನ್ನು, ಅಲ್ಲಿನ ಜಗಲಿಮಾತನ್ನು, ಗಟ್ಟಿಗಿತ್ತಿ ಹೆಂಗಸರನ್ನು ಧಾರಾವಾಹಿಯಾಗಿಸಿದ. 1960ರ ಡಿಸೆಂಬರ್ 9ರಂದು ಮೊದಲ ಕಂತು ಪ್ರಸಾರವಾದಾಗ ಅವನಿಗೆ ಇಪ್ಪತ್ನಾಲ್ಕು ವರ್ಷ. ಸಂಸ್ಥೆಯೊಳಗೇ ಬಹಳ ಅನುಮಾನಗಳಿದ್ದವು. ಲ್ಯಾಂಕಾಷೈರ್ ಉಚ್ಚಾರ ದಕ್ಷಿಣದವರಿಗೆ ಅರ್ಥವಾದೀತೇ? ಮಸಿ ಹಿಡಿದ ಗೋಡೆ, ಅಡುಗೆಮನೆಯ ಜಗಳ ನೋಡಲು ಯಾರು ಕೂರುತ್ತಾರೆ? ಹದಿಮೂರು ಕಂತುಗಳಿಗೆ ಸಾಕೆಂದು ಮೊದಲು ಅಂದಾಜಿಸಲಾಗಿತ್ತು. 1961ರಲ್ಲಿ ಧಾರಾವಾಹಿ ಇಡೀ ಐಟಿವಿ ಜಾಲಕ್ಕೆ ಹಬ್ಬಿತು. ಅರವತ್ತೈದು ವರ್ಷ ದಾಟಿದರೂ ಅದು ನಿಂತಿಲ್ಲ.

ಉತ್ತರದ ಒಂದು ಬೀದಿಯ ಮಾತು ದೇಶದ ಮನೆಮನೆಗೆ ಹೋದದ್ದು ಪ್ರಾದೇಶಿಕತೆಯ ಗೆಲುವೋ, ರಾಷ್ಟ್ರೀಯ ಜಾಲದ ಗೆಲುವೋ? ಎರಡೂ ಹೌದು. ಆ ಜಾಲ ಇಲ್ಲದಿದ್ದರೆ ಬೀದಿಯ ಕಥೆ ಪೆನೈನ್ ಬೆಟ್ಟಸಾಲಿನ ಆಚೀಚೆ ಉಳಿದುಬಿಡುತ್ತಿತ್ತು. ಮ್ಯಾಂಚೆಸ್ಟರ್‌ನಲ್ಲೇ ನಿರ್ಧಾರ ತೆಗೆದುಕೊಳ್ಳಬಲ್ಲ ಸಂಸ್ಥೆ ಇಲ್ಲದಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ. 1956ರಲ್ಲಿ ಆರಂಭವಾದ ವಾಟ್ ದ ಪೇಪರ್ಸ್ ಸೇ, 1962ರ ಯೂನಿವರ್ಸಿಟಿ ಚಾಲೆಂಜ್, 1963ರ ವರ್ಲ್ಡ್ ಇನ್ ಆ್ಯಕ್ಷನ್, 1964ರ ಸೆವೆನ್ ಅಪ್ ಇವೆಲ್ಲ ಪ್ರಾದೇಶಿಕ ಪರವಾನಗಿಯ ಕಂಪನಿಯೊಂದು ದೇಶಕ್ಕೆ ಕೊಟ್ಟ ಕಾರ್ಯಕ್ರಮಗಳು. ವರ್ಲ್ಡ್ ಇನ್ ಆ್ಯಕ್ಷನ್ ತನಿಖಾ ವರದಿಗಳಿಂದ ಪ್ರಾಧಿಕಾರದೊಂದಿಗೆ ಘರ್ಷಣೆಗಳಾದವು; ಬರ್ನ್‌ಸ್ಟೀನ್ ತಮ್ಮ ಪತ್ರಕರ್ತರ ಬೆನ್ನಿಗೆ ನಿಂತರು.

ಇಷ್ಟಾದರೂ ಸಂಸ್ಥೆಯ ಮುಖ್ಯ ಕಚೇರಿ ಇದ್ದದ್ದು ಲಂಡನ್ನಿನ ಗೋಲ್ಡನ್ ಸ್ಕ್ವೇರ್‌ನಲ್ಲಿ. ಬರ್ನ್‌ಸ್ಟೀನ್ ಅಲ್ಲಿಂದಲೇ ಓಡಾಡುತ್ತಿದ್ದರು. ಗ್ರಾನಡಾ ಹೆಸರಿನಲ್ಲಿ ಟಿವಿ ಸೆಟ್‌ಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳು ದೇಶದುದ್ದಕ್ಕೂ ಇದ್ದವು. ಹೆದ್ದಾರಿಗಳ ಪಕ್ಕದ ವಿಶ್ರಾಂತಿ ತಾಣಗಳಲ್ಲಿಯೂ ಅದೇ ಫಲಕ. ಅಂದರೆ ಮ್ಯಾಂಚೆಸ್ಟರ್‌ನಲ್ಲಿ ಪ್ರಾದೇಶಿಕ ಅಭಿಮಾನದ ಸಂಕೇತವಾಗಿದ್ದ ಹೆಸರು ಉಳಿದ ಕಡೆ ಮಾಮೂಲಿ ರಾಷ್ಟ್ರೀಯ ಬ್ರ್ಯಾಂಡ್. ಆ ಹೆಸರಿನ ಮೇಲೆ ಬರ್ನ್‌ಸ್ಟೀನ್ ಅವರಿಗೆ ಎಷ್ಟು ಮಮಕಾರವೆಂದರೆ, 1970ರ ದಶಕದ ಆರಂಭದಲ್ಲಿ ಫೋರ್ಡ್ ಕಂಪನಿ ತನ್ನ ಹೊಸ ಕಾರಿಗೆ ಗ್ರಾನಡಾ ಎಂದು ಹೆಸರಿಟ್ಟಾಗ ಅವರ ಸಂಸ್ಥೆ ನ್ಯಾಯಾಲಯದ ಮೆಟ್ಟಿಲೇರಿತು. ಕಾರಿಗೂ ಟಿವಿಗೂ ಜನ ಗೊಂದಲ ಮಾಡಿಕೊಳ್ಳಲಾರರೆಂದು ನ್ಯಾಯಾಲಯ ತಡೆಯಾಜ್ಞೆ ನಿರಾಕರಿಸಿತು. ಸ್ಪೇನಿನವರು ಮೊಕದ್ದಮೆ ಹೂಡದೇ ಇದ್ದದ್ದು ಎಲ್ಲರ ಪುಣ್ಯ.

ಕೈತಪ್ಪಿದ ಯಾರ್ಕ್‌ಷೈರ್

1967ರಲ್ಲಿ ಪ್ರಾಧಿಕಾರದ ಅಧ್ಯಕ್ಷ ಲಾರ್ಡ್ ಹಿಲ್ ಪರವಾನಗಿಗಳನ್ನು ಮರುಹಂಚಿಕೆ ಮಾಡಿದರು. ಉತ್ತರ ಎಂಬ ಒಂದೇ ಪ್ರದೇಶ ಬಹಳ ದೊಡ್ಡದಾಯಿತು, ಯಾರ್ಕ್‌ಷೈರ್‌ಗೆ ಅದರದೇ ಕಂಪನಿ ಬೇಕು ಎಂಬುದು ಅವರ ತೀರ್ಮಾನ. ಲ್ಯಾಂಕಾಷೈರ್ ಮತ್ತು ಯಾರ್ಕ್‌ಷೈರ್ ನಡುವಣ ಪೈಪೋಟಿ ಹದಿನೈದನೆಯ ಶತಮಾನದ ಗುಲಾಬಿ ಯುದ್ಧಗಳ ಹೆಸರಿನಲ್ಲಿ ಇಂದಿಗೂ ಕ್ರಿಕೆಟ್ ಮೈದಾನದಲ್ಲಿ ಜೀವಂತ. ಮ್ಯಾಂಚೆಸ್ಟರ್‌ನಿಂದ ಬರುವ ಟಿವಿಯನ್ನು ಲೀಡ್ಸ್‌ನವರು ತಮ್ಮದೆಂದು ಎಂದೂ ಪೂರ್ತಿ ಒಪ್ಪಿರಲಿಲ್ಲ. ಪ್ರದೇಶಾಭಿಮಾನದ ಹೆಸರಿನಲ್ಲಿ ಬೆಳೆದ ಗ್ರಾನಡಾ ಈಗ ಇನ್ನೊಂದು ಪ್ರದೇಶಾಭಿಮಾನದಿಂದ ಪೆಟ್ಟು ತಿಂದಿತು. ತಮ್ಮ ಸೀಮೆಗೆ ಕೈಹಾಕಿದರೆ ವಿಶ್ವಸಂಸ್ಥೆಗೆ ದೂರು ಕೊಡುವುದಾಗಿ ಬರ್ನ್‌ಸ್ಟೀನ್ ಗುಡುಗಿದ್ದರು. ಉಪಯೋಗವಾಗಲಿಲ್ಲ. 1968ರ ಜುಲೈ ಅಂತ್ಯದಲ್ಲಿ ಯಾರ್ಕ್‌ಷೈರ್ ಟೆಲಿವಿಷನ್ ಆರಂಭವಾಯಿತು. ಗ್ರಾನಡಾಕ್ಕೆ ವಾಯವ್ಯ ಭಾಗ ಮಾತ್ರ ಉಳಿಯಿತು. ಆದರೆ ವಾರದ ಏಳೂ ದಿನ ಅದರದೇ.

ಸೀಮೆ ಚಿಕ್ಕದಾದ ಮೇಲೆಯೂ ದೂರುಗಳು ತಪ್ಪಲಿಲ್ಲ. ಗ್ರಾನಡಾ ಎಂದರೆ ಬರೀ ಮ್ಯಾಂಚೆಸ್ಟರ್ ಎಂದು ಲಿವರ್‌ಪೂಲ್‌ನವರು ಗೊಣಗಿದರು. 1986ರಲ್ಲಿ ಲಿವರ್‌ಪೂಲ್‌ನ ಆಲ್ಬರ್ಟ್ ಡಾಕ್‌ನಲ್ಲಿ ಸುದ್ದಿ ಕೇಂದ್ರ ತೆರೆಯಬೇಕಾಯಿತು. ಪ್ರಾದೇಶಿಕತೆಗೆ ತಳವೆಂಬುದಿಲ್ಲ, ಒಂದು ಪ್ರದೇಶದೊಳಗೆ ಇನ್ನೊಂದು ಪ್ರದೇಶ ಇದ್ದೇ ಇರುತ್ತದೆ.

1969ರಲ್ಲಿ ಬರ್ನ್‌ಸ್ಟೀನ್ ಹೌಸ್ ಆಫ್ ಲಾರ್ಡ್ಸ್ ಸದಸ್ಯರಾದರು. 1979ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಗ್ರಾನಡಾ ಸಮೂಹದ ಅಧ್ಯಕ್ಷ ಸ್ಥಾನವನ್ನು ಸೆಸಿಲ್ ಅವರ ಮಗ ಅಲೆಕ್ಸ್ ಅವರಿಗೆ ಬಿಟ್ಟುಕೊಟ್ಟರು. ಅವರ ನಂತರ ಬಂದವರು ಬ್ರೈಡ್ಸ್‌ಹೆಡ್ ರಿವಿಸಿಟೆಡ್ (1981), ಭಾರತದಲ್ಲಿಯೂ ಚಿತ್ರೀಕರಣಗೊಂಡ ದ ಜ್ಯುಯೆಲ್ ಇನ್ ದ ಕ್ರೌನ್ (1984) ಮೊದಲಾದ ಧಾರಾವಾಹಿಗಳಿಂದ ಸಂಸ್ಥೆಯ ಹೆಸರನ್ನು ಇನ್ನೂ ಎತ್ತರಕ್ಕೆ ಒಯ್ದರು. 1986ರಲ್ಲಿ ರ‍್ಯಾಂಕ್ ಸಂಸ್ಥೆ ಗ್ರಾನಡಾವನ್ನು ಕೊಳ್ಳಲು ಯತ್ನಿಸಿದಾಗ ಪ್ರಸಾರ ಪ್ರಾಧಿಕಾರ ತಡೆಯಿತು. ಆ ಕಾಲಕ್ಕೆ ನಿಯಮಗಳು ಇನ್ನೂ ಕಾವಲಿಗಿದ್ದವು.

ಬದಲಾದ ಗಾಳಿ

1980ರ ದಶಕದ ಕೊನೆಗೆ ಉಪಗ್ರಹ ವಾಹಿನಿಗಳು ಬಂದವು. ಜಾಹೀರಾತುದಾರರಿಗೆ ಇಡೀ ದೇಶವನ್ನು ಒಂದೇ ಬಾರಿಗೆ ಮುಟ್ಟಬೇಕಿತ್ತು. ಹದಿನೈದು ಕಂಪನಿ, ಹದಿನೈದು ಲಾಂಛನ, ಹದಿನೈದು ಉದ್ಘೋಷಣಾ ಕೊಠಡಿಗಳ ವೆಚ್ಚ ಏಕೆಂಬ ಪ್ರಶ್ನೆ ಎದ್ದಿತು. ಒಂದೇ ಹೆಸರಿನಲ್ಲಿ ನಿಂತ ಬಿಬಿಸಿಗೂ ಸ್ಕೈಗೂ ಎದುರಾಗಿ ಐಟಿವಿಗೆ ಮುಖವೇ ಇಲ್ಲವೆಂದು ಮಾರಾಟ ವಿಭಾಗದವರು ವಾದಿಸಿದರು. ಅವರ ವಾದದಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. 1989ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಮಾದರಿಯ ಐಟಿವಿ ಲಾಂಛನ ತಯಾರಾಯಿತು. ಅದರೊಳಗೆ ಆಯಾ ಕಂಪನಿಯ ಗುರುತಿಗೆ ಚಿಕ್ಕ ಜಾಗ. ಕೆಲವು ಕಂಪನಿಗಳು ಒಪ್ಪಲಿಲ್ಲ, ಒಪ್ಪಿದವರಲ್ಲೂ ಕೆಲವರು ಬೇಗನೆ ಕೈಬಿಟ್ಟರು.

ನಿಜವಾದ ಬದಲಾವಣೆ ಬಂದದ್ದು 1990ರ ಪ್ರಸಾರ ಕಾಯ್ದೆಯಿಂದ. ಪರವಾನಗಿಗಳನ್ನು ಮುಚ್ಚಿದ ಲಕೋಟೆಯ ಹರಾಜಿಗೆ ಹಾಕಲಾಯಿತು. 1991ರ ಹರಾಜಿನಲ್ಲಿ ಗ್ರಾನಡಾ ಕೂಗಿದ್ದು ವರ್ಷಕ್ಕೆ 90 ಲಕ್ಷ ಪೌಂಡ್. ಎದುರಾಳಿ ನಾರ್ತ್ ವೆಸ್ಟ್ ಟೆಲಿವಿಷನ್ ಮೂರೂವರೆ ಕೋಟಿ ಪೌಂಡ್‌ಗೂ ಹೆಚ್ಚು ಕೂಗಿತ್ತು. ಗುಣಮಟ್ಟದ ಪರೀಕ್ಷೆಯಲ್ಲಿ ಎದುರಾಳಿ ಉತ್ತೀರ್ಣವಾಗದ ಕಾರಣ ಗ್ರಾನಡಾ ಉಳಿಯಿತು. ಮರುವರ್ಷವೇ ಹೊಸ ಆಡಳಿತ ವೆಚ್ಚ ಕಡಿತಕ್ಕೆ ಕೈಹಾಕಿತು. ಕಾರ್ಯಕ್ರಮಗಳ ಗುಣಮಟ್ಟಕ್ಕೆ ಹೆಸರಾಗಿದ್ದ ಮುಖ್ಯಸ್ಥ ಡೇವಿಡ್ ಪ್ಲೋರೈಟ್ ಹೊರನಡೆಯಬೇಕಾಯಿತು. ವೃದ್ಧ ಬರ್ನ್‌ಸ್ಟೀನ್ ಇಷ್ಟನ್ನೂ ಕಂಡರು. 1993ರ ಫೆಬ್ರುವರಿ 5ರಂದು ತಮ್ಮ 94ನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ನಿಧನರಾದರು.

ಆಮೇಲಿನದು ವೇಗದ ಕಥೆ. ಮಾಲೀಕತ್ವದ ನಿಯಮಗಳು ಸಡಿಲಗೊಂಡವು. ಗ್ರಾನಡಾ 1994ರಲ್ಲಿ ಲಂಡನ್ ವೀಕೆಂಡ್ ಟೆಲಿವಿಷನ್ ಕಂಪನಿಯನ್ನು ಕೊಂಡಿತು. 1997ರಲ್ಲಿ ಯಾರ್ಕ್‌ಷೈರ್ ಮತ್ತು ಟೈನ್ ಟೀಸ್ ಕಂಪನಿಗಳು ಅದರ ಪಾಲಾದವು. ಮೂರು ದಶಕದ ಹಿಂದೆ ಕೈತಪ್ಪಿದ ಯಾರ್ಕ್‌ಷೈರ್ ಹೀಗೆ ಮರಳಿ ಬಂತು. 2000ದಲ್ಲಿ ಆಂಗ್ಲಿಯಾ, ಮೆರಿಡಿಯನ್, ಮರುವರ್ಷ ಬಾರ್ಡರ್. ಇನ್ನೊಂದು ಬದಿಯಲ್ಲಿ ಕಾರ್ಲ್‌ಟನ್ ಸಂಸ್ಥೆ ಉಳಿದವನ್ನು ನುಂಗುತ್ತಿತ್ತು. ಇಬ್ಬರೇ ಉಳಿದ ಮೇಲೆ ಹತ್ತಾರು ಹೆಸರುಗಳಿಂದ ಏನು ಪ್ರಯೋಜನ? 2002ರ ಅಕ್ಟೋಬರ್ 28ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಐಟಿವಿ1 ಎಂಬ ಒಂದೇ ಹೆಸರು ಜಾರಿಗೆ ಬಂತು. ಲಂಡನ್ನಿನ ಒಂದೇ ಕೊಠಡಿಯಿಂದ ಉದ್ಘೋಷಣೆ. ಗ್ರಾನಡಾದಂಥ ಹೆಸರುಗಳು ಪ್ರಾದೇಶಿಕ ಕಾರ್ಯಕ್ರಮಗಳ ಮುನ್ನ ಮಾತ್ರ ಇಣುಕಿ ಮಾಯವಾಗುತ್ತಿದ್ದವು. 2004ರ ಫೆಬ್ರುವರಿಯಲ್ಲಿ ಗ್ರಾನಡಾ, ಕಾರ್ಲ್‌ಟನ್ ವಿಲೀನಗೊಂಡು ಐಟಿವಿ ಪಿಎಲ್‌ಸಿ ಆಯಿತು. ನಿರ್ಮಾಣ ವಿಭಾಗಕ್ಕೆ ಉಳಿದಿದ್ದ ಗ್ರಾನಡಾ ಹೆಸರೂ 2009ರ ಹೊತ್ತಿಗೆ ಐಟಿವಿ ಸ್ಟುಡಿಯೋಸ್ ಆಗಿ ಬದಲಾಯಿತು.

ಈ ಏಕೀಕರಣದಿಂದ ಹಣ ಉಳಿಯಿತು, ಜಾಹೀರಾತು ಮಾರಾಟ ಸರಳವಾಯಿತು. ಕಳೆದುಹೋದದ್ದು ಲಾಂಛನ ಮಾತ್ರವಾಗಿದ್ದರೆ ದುಃಖಿಸಬೇಕಿರಲಿಲ್ಲ. ಹೆಸರಿನ ಜತೆ ನಿರ್ಧಾರದ ಅಧಿಕಾರವೂ ಊರು ಬಿಟ್ಟಿತು. ಪ್ರಾದೇಶಿಕ ಕಾರ್ಯಕ್ರಮಗಳ ಅವಧಿ ಕುಗ್ಗಿತು. 2009ರಲ್ಲಿ ಬಾರ್ಡರ್ ಮತ್ತು ಟೈನ್ ಟೀಸ್ ಸೀಮೆಗಳ ಸುದ್ದಿ ಕಾರ್ಯಕ್ರಮಗಳನ್ನೇ ಬೆಸೆದುಬಿಟ್ಟರು. ಅದನ್ನು ಮತ್ತೆ ಬೇರ್ಪಡಿಸಿದ್ದು 2013ರಲ್ಲಿ. ಹೊಸ ಲೇಖಕನೊಬ್ಬ ಮ್ಯಾಂಚೆಸ್ಟರ್‌ನ ಕೊಠಡಿಯೊಂದರಲ್ಲಿ ತನ್ನ ಬೀದಿಯ ಕಥೆ ಹೇಳಿ, ಅಲ್ಲೇ ಒಪ್ಪಿಗೆ ಪಡೆದು, ಅಲ್ಲೇ ಚಿತ್ರೀಕರಿಸುವ ದಾರಿ ಮುಚ್ಚಿಹೋಯಿತು. ಸ್ಕಾಟ್ಲೆಂಡ್‌ನ ಎಸ್‌ಟಿವಿ ಪ್ರತ್ಯೇಕ ಒಡೆತನದಲ್ಲಿ ಉಳಿದು ತನ್ನ ಹೆಸರನ್ನು ಕಾಯ್ದುಕೊಂಡಿತು. ಉತ್ತರ ಐರ್ಲೆಂಡ್‌ನ ಯುಟಿವಿಯನ್ನು ಐಟಿವಿ 2016ರಲ್ಲಿ ಕೊಂಡರೂ ಆ ಹೆಸರನ್ನು ಅಳಿಸಲು ಹೋಗಲಿಲ್ಲ. ರಾಷ್ಟ್ರೀಯ ಅಸ್ಮಿತೆಯ ಬಲವಿದ್ದಲ್ಲಿ ಹೆಸರು ಉಳಿಯಿತು. ಬರ್ನ್‌ಸ್ಟೀನ್ ಕಟ್ಟಿದ ಗ್ರಾನಡಾಲ್ಯಾಂಡ್‌ಗೆ ಅಂಥ ಬಲವಿರಲಿಲ್ಲ.

ಕೀ ಸ್ಟ್ರೀಟ್ ಕಟ್ಟಡದ ನೆತ್ತಿಯ ಮೇಲಿದ್ದ ಗ್ರಾನಡಾ ಟಿವಿ ಎಂಬ ಕೆಂಪು ಅಕ್ಷರಗಳನ್ನು ಶಿಥಿಲವಾಗಿವೆ ಎಂಬ ಕಾರಣಕ್ಕೆ 2010ರಲ್ಲಿ ಕೆಳಗಿಳಿಸಲಾಯಿತು. 2013ರಲ್ಲಿ ಐಟಿವಿ ಅಲ್ಲಿಂದ ಸ್ಯಾಲ್‌ಫರ್ಡ್‌ನ ಮೀಡಿಯಾಸಿಟಿಗೆ ಸ್ಥಳಾಂತರಗೊಂಡಿತು. ಹಳೆಯ ಸ್ಟುಡಿಯೊ ಆವರಣದ ಒಂದು ಭಾಗದಲ್ಲಿ 2023ರಲ್ಲಿ ಅವಿವಾ ಸ್ಟುಡಿಯೋಸ್ ಎಂಬ ಕಲಾಕೇಂದ್ರ ತೆರೆದಿದೆ. ವಾಯವ್ಯ ಇಂಗ್ಲೆಂಡಿನ ಸ್ಥಳೀಯ ಸುದ್ದಿ ಪ್ರತಿ ಸಂಜೆ ಈಗಲೂ ಗ್ರಾನಡಾ ರಿಪೋರ್ಟ್ಸ್ ಎಂಬ ಹೆಸರಿನಲ್ಲೇ ಪ್ರಸಾರವಾಗುತ್ತದೆ.